ಅಟ್ಟದ ಕಿಟಕಿಯ ಬಳಿ ಒಂದು ವಸಂತ

ಎರಡನೆಯ ಮಹಾಯುದ್ಧದ ಕಾಲದ ಯಹೂದಿ ನಿರಾಶ್ರಿತರ ಬದುಕಿನಿಂದ ನಮಗೆ ದೊರೆತ ಎಳೆಯರ ಪ್ರೇಮಕಥೆಗಳಲ್ಲಿ ಲೋಕವು ಚೆನ್ನಾಗಿ ಬಲ್ಲದ್ದು ಆನ್ ಫ್ರಾಂಕ್ ಮತ್ತು ಪೀಟರ್ ವಾನ್ ಪೆಲ್ಸ್ ಅವರದು. ಆದರೆ ಲೋಕ ಬಲ್ಲ ಕಥೆಗೂ ಆ ಹುಡುಗಿ ಬರೆದಿಟ್ಟ ಕಥೆಗೂ ಅಂತರವಿದೆ. ಆ ಅಂತರವೇ ನನ್ನನ್ನು ಬಹುಕಾಲದಿಂದ ಕಾಡಿದೆ.

ಇಬ್ಬರೂ ಜರ್ಮನಿಯಲ್ಲಿ ಹುಟ್ಟಿದವರು. ಆನ್ 1929ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ, ಪೀಟರ್ 1926ರಲ್ಲಿ ಓಸ್ನಾಬ್ರೂಕ್‌ನಲ್ಲಿ. ಹಿಟ್ಲರನ ಆಳ್ವಿಕೆಗೆ ಅಂಜಿ ಎರಡು ಕುಟುಂಬಗಳೂ ಆಮ್‌ಸ್ಟರ್‌ಡ್ಯಾಮ್ ಸೇರಿದವು. ಹುಡುಗಿಯ ತಂದೆ ಒಟ್ಟೊ ಫ್ರಾಂಕ್ ಜಾಮ್ ತಯಾರಿಕೆಗೆ ಬೇಕಾದ ಪೆಕ್ಟಿನ್ ಮಾರುವ ವ್ಯಾಪಾರ ನಡೆಸುತ್ತಿದ್ದರು. ಹುಡುಗನ ತಂದೆ ಅದೇ ಸಂಸ್ಥೆಯಲ್ಲಿ ಮಸಾಲೆ ಪದಾರ್ಥಗಳ ತಜ್ಞರು. 1940ರಲ್ಲಿ ನಾಜಿಗಳು ಆ ದೇಶವನ್ನೂ ಆಕ್ರಮಿಸಿದಾಗ ಆಶ್ರಯ ಕೊಟ್ಟ ಊರೇ ಬೋನಾಯಿತು. 1942ರ ಜುಲೈ 6ರಂದು ಫ್ರಾಂಕ್ ಕುಟುಂಬ ಕಚೇರಿಯ ಹಿಂಭಾಗದ ಮನೆಯಲ್ಲಿ ಅಡಗಿತು. ಒಂದು ವಾರದ ಬಳಿಕ ಪೀಟರ್ ತನ್ನ ಬೆಕ್ಕಿನೊಂದಿಗೆ, ತಂದೆತಾಯಿಯರೊಡನೆ ಅಲ್ಲಿಗೆ ಬಂದ. ನಾಚಿಕೆಯ, ಮಂದ ಸ್ವಭಾವದ ಹುಡುಗ, ಇವನ ಸಹವಾಸದಿಂದ ಹೆಚ್ಚೇನೂ ಆಗದು ಎಂದು ಹದಿಮೂರರ ಆನ್ ಆಗಲೇ ತೀರ್ಪು ಬರೆದುಬಿಟ್ಟಳು.

ಒಂದೂವರೆ ವರ್ಷ ಆ ತೀರ್ಪು ಹಾಗೆಯೇ ನಿಂತಿತು. ಒಂದೇ ಸೂರಿನ ಕೆಳಗೆ, ಹಗಲೆಲ್ಲ ಪಿಸುಮಾತಿನಲ್ಲಿ ಬದುಕಿದ ಎಂಟು ಜನರಲ್ಲಿ ಅವನೂ ಒಬ್ಬ, ಅಷ್ಟೇ. 1944ರ ಜನವರಿ ಮೊದಲ ವಾರದಲ್ಲಿ ಅವಳಿಗೊಂದು ಕನಸು ಬಿತ್ತು. ಕನಸಿನಲ್ಲಿ ಬಂದವನು ಈ ಪೀಟರ್ ಅಲ್ಲ. ಶಾಲೆಯ ದಿನಗಳಲ್ಲಿ ಅವಳು ಮೆಚ್ಚಿದ್ದ ಪೀಟರ್ ಷಿಫ್ ಎಂಬ ಇನ್ನೊಬ್ಬ ನಿರಾಶ್ರಿತ ಬಾಲಕ. ಕೈಗೆಟುಕದ ಆ ಪೀಟರನ ನೆನಪನ್ನು ಹೊತ್ತೇ ಅವಳು ಮನೆಯೊಳಗಿದ್ದ ಪೀಟರನ ಬಳಿಗೆ ಹೋದಳು. ಇಬ್ಬರು ಪೀಟರರೂ ಬೆರೆತು ಒಬ್ಬನೇ ಆಗಿಹೋದನೆಂದು ಫೆಬ್ರವರಿ ಕಳೆಯುವುದರೊಳಗೆ ತಾನೇ ಬರೆದಳು. ತನ್ನ ಮನಸ್ಸಿನ ಈ ಕೈವಾಡವನ್ನು ಹದಿನಾಲ್ಕರ ಹುಡುಗಿಯೊಬ್ಬಳು ಅಷ್ಟು ನಿಚ್ಚಳವಾಗಿ ಕಂಡದ್ದು ನನಗೆ ಇಂದಿಗೂ ಅಚ್ಚರಿಯೇ.

ನಮ್ಮ ಅಲಂಕಾರಶಾಸ್ತ್ರ ಶೃಂಗಾರಕ್ಕೆ ಉದ್ದೀಪನ ವಿಭಾವಗಳನ್ನು ಹೇಳುತ್ತದೆ: ಚಂದ್ರೋದಯ, ಉಪವನ, ಮಲಯಮಾರುತ. ಇಲ್ಲಿ ಇದ್ದದ್ದು ಆಲೂಗಡ್ಡೆಯ ಪೀಪಾಯಿ, ಹುರುಳಿಕಾಯಿ ಬೀಜದ ಮೂಟೆ, ಸೌದೆ. ಪೀಟರನ ಬೆಕ್ಕು ಅಟ್ಟದ ಬಿರುಕಿನ ಮೇಲೆ ಕುಳಿತು ಮೂತ್ರಮಾಡಿದ್ದು ಕೆಳಗೆ ಸೋರಿ ಅದೇ ಆಲೂಗಡ್ಡೆಯ ಪೀಪಾಯಿಗೆ ಬಿದ್ದ ಪ್ರಸಂಗವನ್ನೂ ಆನ್ ನಗುನಗುತ್ತ ದಾಖಲಿಸಿದ್ದಾಳೆ. ಉಪವನದ ಸ್ಥಾನದಲ್ಲಿ ಅವರಿಗೆ ದಕ್ಕಿದ್ದು ಒಂದು ಕಿಟಕಿ. ಅದರಾಚೆಗೆ ಎಲೆಯುದುರಿದ ಚೆಸ್ಟ್‌ನಟ್ ಮರ, ಹನಿಗಳು ಹೊಳೆಯುವ ಕೊಂಬೆಗಳು, ಹಾರುವ ಕಡಲಹಕ್ಕಿಗಳು. ಫೆಬ್ರವರಿಯ ಒಂದು ಬೆಳಗ್ಗೆ ಇಬ್ಬರೂ ಮಾತಿಲ್ಲದೆ ಅದನ್ನು ನೋಡುತ್ತ ಉಳಿದರು. ಏಪ್ರಿಲ್ 15ರಂದು ಅವನು ಕೊಟ್ಟ ಮೊದಲ ಮುತ್ತು ಅರ್ಧ ಕೆನ್ನೆಗೆ, ಅರ್ಧ ಕಿವಿಗೆ, ಅದೂ ಕೂದಲಿನ ಮೇಲಿಂದ ಬಿತ್ತು. ಕವಿಗಳು ಇಷ್ಟು ಪ್ರಾಮಾಣಿಕರಾಗಿರುವುದು ಅಪರೂಪ.

ಅಕ್ಕ ಮಾರ್ಗೊಟ್‌ಗೂ ಆಗ ಹದಿನೆಂಟು. ಪೀಟರನ ವಯಸ್ಸಿಗೆ ಹತ್ತಿರದವಳು ಅವಳೇ. ಅವಳ ಮನಸ್ಸು ನೋಯುತ್ತಿರಬಹುದೆಂಬ ಅಳುಕು ಆನ್‌ಗೆ ಇತ್ತು. ಕೆಲವೇ ಕೋಣೆಗಳ ಆ ಮನೆಯಲ್ಲಿ ಅಕ್ಕತಂಗಿಯರು ಪರಸ್ಪರ ಪತ್ರ ಬರೆದುಕೊಂಡರು! ತನಗೆ ಮತ್ಸರವಿಲ್ಲ, ಮನಸ್ಸು ಬಿಚ್ಚಿ ಮಾತನಾಡಲು ಒಬ್ಬರಿಲ್ಲವಲ್ಲ ಎಂಬ ಕೊರತೆ ಮಾತ್ರ ಇದೆ ಎಂದಳು ಮಾರ್ಗೊಟ್. ಇಡೀ ದಿನಚರಿಯಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸುವ ಪುಟಗಳು ಇವು.

ಮುಂದೇನಾಯಿತು? ಪ್ರೀತಿ ಸವೆಯಿತು. ಯುದ್ಧ ಮುಗಿದ ಮೇಲೆ ತಾನು ಯಹೂದಿಯೆಂದು ಯಾರಿಗೂ ತಿಳಿಯದಂತೆ ಬದುಕುವೆನೆಂದು ಪೀಟರ್ ಹೇಳಿದ್ದು ಅವಳಿಗೆ ಮೊದಲೇ ನೋವು ತಂದಿತ್ತು. ಅವನಿಗೆ ಗುರಿಯಿಲ್ಲ, ತನ್ನ ಮೇಲೆ ಒರಗಿಕೊಳ್ಳುತ್ತಾನೆ, ಅಂತರಂಗದ ಬಾಗಿಲು ತೆರೆಯುವುದಿಲ್ಲ ಎಂಬ ಅಸಮಾಧಾನ ಕ್ರಮೇಣ ಬೆಳೆಯಿತು. ಅವನನ್ನು ಗೆದ್ದವಳು ತಾನು, ಅವನ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡವಳೂ ತಾನೇ ಎಂದು ಜುಲೈ ಹೊತ್ತಿಗೆ ಬರೆದಳು. ಇದಕ್ಕಿಂತ ಮುಖ್ಯವಾದ ಸಾಕ್ಷ್ಯ ಇನ್ನೊಂದಿದೆ. ಯುದ್ಧಕಾಲದ ದಿನಚರಿ, ಪತ್ರಗಳನ್ನು ಕಾದಿಡಿರೆಂದು ಡಚ್ ಸಚಿವರೊಬ್ಬರು ಲಂಡನ್ನಿನಿಂದ ರೇಡಿಯೊದಲ್ಲಿ ಕೋರಿದ್ದನ್ನು ಕೇಳಿ, ಮೇ ತಿಂಗಳಿನಿಂದ ಆನ್ ತನ್ನ ದಿನಚರಿಯನ್ನು ಪುಸ್ತಕವಾಗಿ ತಿದ್ದಿ ಬರೆಯತೊಡಗಿದಳು. ಆ ತಿದ್ದುಪಡಿಯಲ್ಲಿ ಪೀಟರನ ಮೇಲಿನ ಪ್ರೀತಿಯ ಭಾಗಗಳನ್ನು ಬಹಳಷ್ಟು ಕೈಬಿಟ್ಟಳು. 1947ರಲ್ಲಿ ಪ್ರಕಟಿಸುವಾಗ ಅವನ್ನು ಮರಳಿ ಸೇರಿಸಿದವರು ಅವಳ ತಂದೆ. ಅಡಗಿದ್ದ ದಿನಗಳಲ್ಲಿ ಅಟ್ಟದ ಭೇಟಿಗಳಿಗೆ ಆಕ್ಷೇಪಿಸಿದ್ದವರೂ ಅವರೇ! ಬದುಕುಳಿದ ಒಬ್ಬನೇ ತಂದೆಗೆ ಮಗಳ ಆ ಸಾಲುಗಳನ್ನು ಕಳೆಯಲು ಮನಸ್ಸು ಬಾರದಿದ್ದರೆ ಅದನ್ನು ತಪ್ಪೆನ್ನಲು ನನಗೆ ನಾಲಗೆ ಏಳದು.

ನಾಟಕ, ಸಿನಿಮಾಗಳ ಮಾತು ಬೇರೆ. 1959ರ ಹಾಲಿವುಡ್ ಚಿತ್ರದಲ್ಲಿ ಪೊಲೀಸರ ವಾಹನ ಬಂದು ನಿಲ್ಲುವಾಗ ಇಬ್ಬರೂ ಅಟ್ಟದಲ್ಲಿ ಚುಂಬಿಸುತ್ತಿರುತ್ತಾರೆ. ನಿಜವಾಗಿ 1944ರ ಆಗಸ್ಟ್ 4ರ ಬೆಳಗ್ಗೆ ಪೀಟರ್ ತನ್ನ ಕೋಣೆಯಲ್ಲಿ ಒಟ್ಟೊ ಫ್ರಾಂಕ್‌ರಿಂದ ಇಂಗ್ಲಿಷ್ ಪಾಠ ಹೇಳಿಸಿಕೊಳ್ಳುತ್ತಿದ್ದ.

ಪದವಿ ತರಗತಿಯಲ್ಲಿ ಒಮ್ಮೆ ಇದನ್ನೆಲ್ಲ ವಿವರಿಸಿದಾಗ ಹುಡುಗನೊಬ್ಬ, "ಹಾಗಾದರೆ ಅವಳು ಅವನನ್ನು ಬಳಸಿಕೊಂಡು ಬಿಟ್ಟಳೇ ಸರ್?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮುನ್ನವೇ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು, "ಸಾಯಲಿದ್ದಾಳೆ ಅಂತ ಅವಳಿಗೇನು ಗೊತ್ತಿತ್ತು? ಬೆಳೆಯುತ್ತಿದ್ದಳು, ಅಷ್ಟೇ" ಎಂದಳು. ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ. ಸಾವಿನ ನೆರಳಿನಲ್ಲಿ ಹುಟ್ಟಿದ ಪ್ರೀತಿ ಅಮರವೇ ಆಗಿರಬೇಕೆಂಬುದು ಓದುಗರ ಹಂಬಲ. ಬೇಸರಗೊಳ್ಳುವ, ಮನಸ್ಸು ಬದಲಿಸುವ ಹಕ್ಕನ್ನು ಆ ಹುಡುಗಿ ಬೇರೆಲ್ಲ ಮಕ್ಕಳಂತೆಯೇ ಚಲಾಯಿಸಿದ್ದಳು.

ಆದರೂ ಹುಡುಗನ ಪ್ರಶ್ನೆಯಲ್ಲಿ ಹುರುಳಿತ್ತು. ಪೀಟರ್ ದಿನಚರಿ ಬರೆದವನಲ್ಲ. ಅಟ್ಟದ ಆ ಸಂಜೆಗಳನ್ನು ನಾವು ನೋಡುವುದು ಅವಳ ಕಣ್ಣಿನಿಂದಲೇ. ಅವಳ ಬರವಣಿಗೆ ನಿಂತ ಬಳಿಕದ ಪೀಟರನನ್ನು ಕಂಡವರು ಒಟ್ಟೊ ಫ್ರಾಂಕ್. ಔಷ್ವಿಟ್ಸ್ ಶಿಬಿರದಲ್ಲಿ ಪೀಟರನಿಗೆ ಪಾರ್ಸೆಲ್ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಹೆಚ್ಚುವರಿಯಾಗಿ ದೊರೆತ ಆಹಾರವನ್ನು ಅವನು ಕಾಯಿಲೆ ಬಿದ್ದಿದ್ದ ಒಟ್ಟೊ ಅವರಿಗೆ ತಂದುಕೊಡುತ್ತಿದ್ದ. ಅಷ್ಟರಲ್ಲಿ ಅವನ ಸ್ವಂತ ತಂದೆ ವಿಷಾನಿಲಕ್ಕೆ ಬಲಿಯಾಗಿದ್ದರು. 1945ರ ಜನವರಿಯಲ್ಲಿ ಶಿಬಿರ ತೆರವುಗೊಳಿಸಿ ಕೈದಿಗಳನ್ನು ನಡೆಸಿಕೊಂಡು ಹೊರಟಾಗ, ಆಸ್ಪತ್ರೆಯಲ್ಲಿ ಅಡಗಿ ಉಳಿದುಕೊ ಎಂದು ಒಟ್ಟೊ ಬೇಡಿಕೊಂಡರು. ತನಗೆ ನಡೆಯುವ ಶಕ್ತಿಯಿದೆ ಎಂದು ನಂಬಿದ್ದ ಪೀಟರ್ ಹೊರಟುಹೋದ. ಉಳಿದ ಒಟ್ಟೊ ಬದುಕಿದರು. ಪೀಟರ್ ಆಸ್ಟ್ರಿಯಾದ ಮೌಥೌಸೆನ್ ಶಿಬಿರ ತಲುಪಿದ. ಏಪ್ರಿಲ್‌ನಲ್ಲಿ ಅಲ್ಲಿನ ರೋಗಿಗಳ ಬಿಡಾರ ಸೇರಿದ. ಮೇ 5ರಂದು ಅಮೆರಿಕದ ಸೈನ್ಯ ಆ ಶಿಬಿರವನ್ನು ಬಿಡುಗಡೆಗೊಳಿಸಿತು. ಆ ಮೇ ತಿಂಗಳಲ್ಲೇ ಅವನು ತೀರಿಕೊಂಡ. ಹದಿನೆಂಟು ವರ್ಷ. ಬೆರ್ಗನ್-ಬೆಲ್ಸನ್ ಶಿಬಿರದಲ್ಲಿ ಮಾರ್ಗೊಟ್ ಮತ್ತು ಆನ್ ಸತ್ತು ಆಗಲೇ ಕೆಲವು ತಿಂಗಳುಗಳು ಕಳೆದಿದ್ದವು.