ಅಜ್ಜನ ಜೀಪಿನ ಮೆಟ್ಟಿಲು

ನಮ್ಮ ಮನೆ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಇದೆ. ಶೆಡ್‌ನಲ್ಲಿ ಅಜ್ಜನ ಜೀಪು. ಮಹೀಂದ್ರ ಸಿಜೆ-3ಬಿ, 1969ರದ್ದು. ಅಜ್ಜ ತೀರಿಕೊಂಡ ಮೇಲೆ ಆರು ವರ್ಷ ಅದು ಟಾರ್ಪಾಲ್ ಹೊದ್ದು ನಿಂತೇ ಇತ್ತು. ಸೀಟನ್ನು ಇಲಿ ತಿಂದಿತ್ತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಕಳೆದ ವರ್ಷ ಮಳೆಗಾಲ ಮುಗಿಯುವಾಗ ಮೂರು ತಿಂಗಳು ಊರಿಂದಲೇ ಕೆಲಸ ಮಾಡಲು ಅನುಮತಿ ಸಿಕ್ಕಿತು. "ಜೀಪನ್ನ ಹೊಸದರ ಹಾಗೆ ಮಾಡ್ತೀನಿ" ಅಂದೆ. "ಹೊಸದರ ಹಾಗಾ, ಹಳೇದರ ಹಾಗಾ?" ಅಂತ ಕೇಳಿದರು ಅಪ್ಪ. ಆಗ ನಕ್ಕುಬಿಟ್ಟೆ.

ಈ ಮಾಡೆಲ್ಲಿಗೆ ಒಂದು ಗತ್ತಿದೆ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ತಂದದ್ದು. ಹೊಸ ಇಂಜಿನ್ ಹಳೆಯದಕ್ಕಿಂತ ಎತ್ತರವಿದ್ದುದರಿಂದ ಬಾನೆಟ್ಟನ್ನೇ ಮೇಲೆ ಎತ್ತಬೇಕಾಯಿತು. ಆ ಎತ್ತರದ ಮೂತಿಯಿಂದಲೇ ದೂರದಿಂದ ಗುರುತು ಸಿಗುತ್ತದೆ. ಅಲ್ಲಿ ಅದು ನಿಂತುಹೋದ ಮೇಲೂ ಮಹೀಂದ್ರದವರು ಇಲ್ಲಿ ಎಷ್ಟೋ ವರ್ಷ ತಯಾರಿಸಿದರು. ಅಮೆರಿಕದಲ್ಲಿ ಮಸ್ಟಾಂಗ್, ಕಮಾರೊ ತರಹದ ಮಸಲ್ ಕಾರು ರಿಪೇರಿ ಮಾಡುವವರು ಇಂಜಿನ್ ನಂಬರು ಚಾಸಿ ನಂಬರಿಗೆ ಹೊಂದುತ್ತದೆಯಾ, ಒಂದೊಂದು ಬೋಲ್ಟೂ ಫ್ಯಾಕ್ಟರಿಯದ್ದೇನಾ ಅಂತ ಹುಡುಕುತ್ತಾರೆ. ನನಗೂ ಅದೇ ಹುಚ್ಚು ಹತ್ತಿತು. ಹಳೆಯ ಫೋಟೊಗಳನ್ನು ಪ್ರಿಂಟ್ ತೆಗೆದು ಶೆಡ್ಡಿನ ಗೋಡೆಗೆ ಅಂಟಿಸಿದೆ. ಫೋಟೊದಲ್ಲಿ ಇಲ್ಲದ್ದೆಲ್ಲ ಹೋಗಬೇಕು!

ಮೊದಲು ಹೋದದ್ದು ನಾನೇ ಇಂಜಿನಿಯರಿಂಗ್ ಓದುವಾಗ ಹಾಕಿಸಿದ್ದು: ಎಲ್ಇಡಿ ಲೈಟುಗಳು, ಅಗಲದ ಟೈರು, ಹಾಡು ಹೇಳುವ ಹಾರ್ನ್. ಲೈಟಿನ ವೈರಿಗೆ ಫ್ಯೂಸೇ ಇರಲಿಲ್ಲ, ಬಿಸಿಯಾಗಿ ಕವಚ ಕರಗಿತ್ತು. ಬೆಂಕಿ ಹತ್ತದೇ ಇದ್ದದ್ದು ಪುಣ್ಯ. ಹಾರ್ನ್ ಕಾನೂನಿಗೂ ವಿರುದ್ಧ. ಅವನ್ನು ಕಿತ್ತು ಡಬ್ಬಕ್ಕೆ ಹಾಕುವಾಗ ಬೇಜಾರೇನೂ ಆಗಲಿಲ್ಲ.

ಆಮೇಲೆ ಎಡಗಡೆಯ ಕಬ್ಬಿಣದ ಮೆಟ್ಟಿಲು, ಅದರ ಮೇಲೊಂದು ಪೈಪಿನ ಹಿಡಿಕೆ. ತೋಟಕ್ಕೆ ನೀರು ಹಾಯಿಸುವ ಪೈಪಿನ ತುಂಡನ್ನೇ ಬಗ್ಗಿಸಿ ವೆಲ್ಡ್ ಮಾಡಿಸಿದ್ದು, ನೋಡೋಕೆ ಒರಟು. "ಮೋನೆ, ಇದನ್ನ ಯಾಕೆ ಹಾಕಿಸಿದ್ರು ಅಂತ ಮನೇಲಿ ಕೇಳಿದ್ಯಾ?" ಅಂದರು ಮೆಕ್ಯಾನಿಕ್ ಕಾಕ. "ಫೋಟೊದಲ್ಲಿ ಇಲ್ಲ ಕಾಕ, ತೆಗೀರಿ" ಅಂದೆ. ಗ್ರೈಂಡರ್‌ನಲ್ಲಿ ಕತ್ತರಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಮೆಟ್ಟಿಲಿನ ಹಿಂದೆ ನೀರು ನಿಂತು ತಗಡು ತೂತಾಗಿತ್ತು. ನೋಡಿ, ತೆಗೆದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಹುತ್ತರಿ ಬಂತು. ರಾತ್ರಿ ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಹೋಗಬೇಕು. ಮನೆಯಿಂದ ಗದ್ದೆಗೆ ಇಳಿಜಾರಿನ ಮಣ್ಣು ದಾರಿ, ಕಾರು ಇಳಿಯುವುದಿಲ್ಲ. ಮಂಡಿನೋವಿನಿಂದ ಅಜ್ಜಿ ಎರಡು ವರ್ಷ ಮನೆಯಲ್ಲೇ ಉಳಿದಿದ್ದರು. ಈ ಸಲ ಜೀಪಿದೆಯಲ್ಲ, ಸಂಜೆಯಿಂದಲೇ ರೇಷ್ಮೆ ಸೀರೆ ಉಟ್ಟು ಕೂತಿದ್ದರು.

ಜೀಪಿನ ಹತ್ತಿರ ಬಂದು ಅಜ್ಜಿಯ ಎಡಗೈ ಅಭ್ಯಾಸದಂತೆ ಮೇಲಕ್ಕೆ ಹೋಯಿತು. ಹಿಡಿಯಲು ಏನೂ ಸಿಗಲಿಲ್ಲ. ಕಾಲು ಒಮ್ಮೆ ಎತ್ತಿದರು, ಇಳಿಸಿದರು. ನಾನು ಸ್ಟೂಲ್ ತಂದೆ, ಅಪ್ಪ ತೋಳು ಹಿಡಿದರು. ಆಗಲಿಲ್ಲ. "ನೀವು ಹೋಗಿ ಬನ್ನಿ ಮಗಾ, ನಾನು ದೀಪ ನೋಡ್ಕೋತೀನಿ" ಅಂದರು. ಗದ್ದೆಯಲ್ಲಿ ಎಲ್ಲರೂ "ಪೊಲಿ ಪೊಲಿ ದೇವಾ" ಅನ್ನುವಾಗ ನನ್ನ ಬಾಯಿಂದ ಸ್ವರವೇ ಹೊರಡಲಿಲ್ಲ.

ವಾಪಸು ಬರುವಾಗ ಅಪ್ಪ ಹೇಳಿದರು: ಇಪ್ಪತ್ತು ವರ್ಷದ ಹಿಂದೆ ಅಜ್ಜಿಯ ಮಂಡಿ ಕೆಟ್ಟಾಗ ಅಜ್ಜ ಒಂದೇ ದಿನದಲ್ಲಿ ಅದನ್ನು ಮಾಡಿಸಿದ್ದರಂತೆ. ಎತ್ತರ ಸರಿಯಾಗಲಿ ಅಂತ ಅಜ್ಜಿಯನ್ನು ಪಕ್ಕದಲ್ಲಿ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರಂತೆ.

ಆಫೀಸಿನಲ್ಲಿ ನಾನು ಹೊಸಬರಿಗೆ ಹೇಳುವ ಮೊದಲ ಮಾತೇ ಇದು: ಹಳೆಯ ಕೋಡಿನಲ್ಲಿ ಅರ್ಥವಾಗದ ಸಾಲು ಕಂಡರೆ ತಕ್ಷಣ ಅಳಿಸಬೇಡಿ, ಯಾರು ಯಾಕೆ ಬರೆದರು ಅಂತ ಮೊದಲು ನೋಡಿ. ಮನೆಯ ಜೀಪಿನ ವಿಷಯದಲ್ಲಿ ಅದು ನೆನಪೇ ಆಗಲಿಲ್ಲ.

ಉಳಿದದ್ದರ ಬಗ್ಗೆ ಆಮೇಲೆ ಕೂತು ವಿಚಾರಿಸಿದೆ. ಹಿಂದಿನ ದಪ್ಪ ಕೊಕ್ಕೆ ಫ್ಯಾಕ್ಟರಿಯದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದಾಗ ನಮ್ಮ ದಾರಿಗೆ ಬಿದ್ದ ಮರಗಳನ್ನು ಎಳೆದು ಹಾಕಿದ್ದು ಅದೇ ಕೊಕ್ಕೆ. ಅದು ಉಳಿಯಿತು. ಇಂಜಿನ್ನೂ ಮೂಲದ್ದಲ್ಲ. ಪೆಟ್ರೋಲ್ ಖರ್ಚು ತಾಳಲಾರದೆ ಅಜ್ಜ ಪೂಜೊ ಡೀಸೆಲ್ ಇಂಜಿನ್ ಕೂರಿಸಿ, ಆರ್‌ಸಿಯಲ್ಲೂ ಬರೆಸಿದ್ದರು.

ಇಲ್ಲಿ ನನಗೆ ಇನ್ನೊಂದು ಆಸೆಯಿತ್ತು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ, 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಪೆಟ್ರೋಲ್ ಇಂಜಿನ್ ಹುಡುಕಿ ಕೂರಿಸಿ ಅರ್ಜಿ ಹಾಕೋಣ ಅಂತಿದ್ದೆ. ಆದರೆ ಅಂಥ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು, ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. "ಹಾಗಾದ್ರೆ ಗೊಬ್ಬರ ಯಾರು ತರ್ತಾರೆ?" ಅಂದರು ಅಪ್ಪ. ಡೀಸೆಲ್ ಇಂಜಿನ್ನೇ ಇರಲಿ ಅಂತಾಯಿತು.

ಮೆಟ್ಟಿಲೂ ಹಿಡಿಕೆಯೂ ಗುಜರಿ ರಾಶಿಯಲ್ಲೇ ಇದ್ದವು. ಕಾಕ ಏನೂ ಅನ್ನದೆ ಎತ್ತಿಕೊಟ್ಟರು. ಈ ಸಲ ವೆಲ್ಡ್ ಮಾಡಿಸಲಿಲ್ಲ. ತೂತಾದ ಕಡೆ ಹೊಸ ತಗಡು ಹಾಕಿ, ಪ್ರೈಮರ್ ಬಳಿದು, ನೀರು ಇಳಿಯಲು ಸಂದು ಬಿಟ್ಟು ಬೋಲ್ಟ್ ಹಾಕಿದೆವು. ಮುಂದೆ ಯಾರಿಗಾದರೂ ಬೇಡ ಅನ್ನಿಸಿದರೆ ಸ್ಪ್ಯಾನರ್ ಸಾಕು, ಗ್ರೈಂಡರ್ ಬೇಡ. ಎತ್ತರಕ್ಕೆ ಅಜ್ಜಿಯನ್ನೇ ನಿಲ್ಲಿಸಿ ಗುರುತು ಹಾಕಿದೆ. ಅಜ್ಜಿ ಮೊದಲಿಗಿಂತ ಕುಗ್ಗಿದ್ದಾರೆ. ಮೆಟ್ಟಿಲು ಎರಡು ಇಂಚು ಕೆಳಗೆ ಬಂತು.

ಅಜ್ಜಿ ಹಿಡಿಕೆ ಹಿಡಿದು, ಕಾಲಿಟ್ಟು, ಹತ್ತಿ ಕೂತರು. ಗದ್ದೆ ತನಕ ಹೋಗಿ ಬಂದೆವು. ಕದಿರಿನ ಕಾಲ ಮುಗಿದಿತ್ತು, ಬರೀ ಕೂಳೆ ನೋಡಿಕೊಂಡು ಬಂದೆವು. ಗೇಟಿನ ಹತ್ತಿರ ಕೇಳಿದರು, "ನಿನ್ನ ಆ ಪೀಪಿ ಎಲ್ಲಿ ಮಗಾ? ಅದು ಕೇಳಿದ್ರೆ ನೀನು ಬಂದೆ ಅಂತ ಕಾಫಿಗೆ ನೀರಿಡ್ತಿದ್ದೆ."

ಹಾಡು ಹೇಳುವ ಹಾರ್ನ್ ಇನ್ನೂ ಡಬ್ಬದಲ್ಲೇ ಇದೆ. ಎಸೆದಿಲ್ಲ.