ದೊಡ್ಡಪ್ಪನವರ ಉಗಿಚಕ್ರ

ನಮ್ಮ ನಡುಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಿ ನಿಲ್ಲಿಸಲು ಕಂಚಿನದೊಂದು ವಸ್ತುವನ್ನು ಇಟ್ಟಿದ್ದೇವೆ. ಗಾತ್ರದಲ್ಲಿ ಅದು ಒಂದು ಸೇರಿನ ಪಾತ್ರೆಗಿಂತ ಸ್ವಲ್ಪ ದೊಡ್ಡದು. ತೂಕದಲ್ಲಿ ಮಾತ್ರ ಎತ್ತಲು ಹೋದವರನ್ನು ಬೆಚ್ಚಿಬೀಳಿಸುವಂಥದು. ಮನೆಗೆ ಬಂದವರಲ್ಲಿ ಕೆಲವರು ಅದನ್ನು ಹಳೆಯ ಕಾಲದ ತೂಕದ ಕಲ್ಲೆಂದು ಭಾವಿಸುವುದುಂಟು. ಒಬ್ಬ ಹಿರಿಯರು ಯಾವುದೋ ವಿಗ್ರಹದ ಪೀಠವೆಂದು ತಿಳಿದು, ಕಾಲು ತಾಗಿದ್ದಕ್ಕೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದು ಒಂದು ಉಗಿಯಂತ್ರ. ಅಥವಾ ಉಗಿಯಂತ್ರವಾಗಬೇಕೆಂದು ಹೊರಟು ಆಗದೆ ಉಳಿದದ್ದು. ಅದನ್ನು ಮಾಡಿಸಿದವರು ನನ್ನ ದೊಡ್ಡಪ್ಪನವರು.

ದೊಡ್ಡಪ್ಪನವರು ಮಾಧ್ಯಮಿಕ ಶಾಲೆಯಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಹೇಳಿಕೊಡುತ್ತಿದ್ದರು. ಊರ ಹೊರಗೆ ಅಕ್ಕಿಯ ಗಿರಣಿಯೊಂದಿದ್ದಿತು. ಬತ್ತದ ಹೊಟ್ಟನ್ನೇ ಉರಿಸಿ ಉಗಿ ಮಾಡಿ, ಆ ಉಗಿಯಿಂದ ನಡೆಯುವ ಎಂಜಿನ್ನು ಅದರದು. ಸಂಜೆ ತಿರುಗಾಡಲು ಹೊರಟರೆ ನನ್ನ ಕೈ ಹಿಡಿದುಕೊಂಡು ಅವರು ಅಲ್ಲಿಗೇ ಹೋಗುವರು. ಗಿರಣಿಯವರಿಗೆ ಮೇಷ್ಟ್ರ ಮೇಲೆ ಗೌರವ. ಒಂದು ಬೆಂಚನ್ನು ತಂದು ಹಾಕುವರು. ದೊಡ್ಡಪ್ಪನವರು ಕುಳಿತುಕೊಳ್ಳರು. ಪಿಸ್ಟನ್ನಿನ ಸಲಾಕೆ ಮುಂದಕ್ಕೂ ಹಿಂದಕ್ಕೂ ಆಡುವುದನ್ನು, ಅದರಿಂದ ಆ ದೊಡ್ಡ ಗಾಲಿ ಸುತ್ತುವುದನ್ನು ನಿಂತೇ ನೋಡುತ್ತಿರುವರು.

"ನೋಡು ಮಗು," ಎಂದು ಒಂದು ದಿನ ಹೇಳಿದರು, "ಹೋಗುವುದು, ನಿಲ್ಲುವುದು, ಬರುವುದು, ನಿಲ್ಲುವುದು. ಒಂದು ಸುತ್ತಿಗೆ ಎರಡು ಸಲ ನಿಲ್ಲುತ್ತದೆ. ನಮಗೆ ಬೇಕಾದದ್ದು ಗಾಲಿ ತಿರುಗುವುದು ತಾನೆ? ಅದಕ್ಕೆ ಈ ಓಡಾಟವೇಕೆ? ಉಗಿಯೇ ನೆಟ್ಟಗೆ ಗಾಲಿಯನ್ನು ತಿರುಗಿಸಬಾರದೆ?"

ಏಳೆಂಟು ವರ್ಷದ ನನಗೆ ಅದು ಬಹಳ ನ್ಯಾಯವಾದ ಪ್ರಶ್ನೆಯಾಗಿ ತೋರಿತು.

1957ರಲ್ಲಿ ಅವರಿಗೆ ನಿವೃತ್ತಿಯಾಯಿತು. ಆ ಮೇಲೆ ಈ ಪ್ರಶ್ನೆ ಅವರನ್ನು ಪೂರ್ತಿಯಾಗಿ ಹಿಡಿದುಕೊಂಡಿತು. ಅವರು ಬರೆದ ನಕ್ಷೆ ಈಗಲೂ ನನ್ನಲ್ಲಿದೆ. ದುಂಡನೆಯ ಒಂದು ಪೆಟ್ಟಿಗೆ. ಅದರೊಳಗೆ ನಡುವಿನಿಂದ ಸ್ವಲ್ಪ ಸರಿಸಿ ಕೂರಿಸಿದ ಚಿಕ್ಕದೊಂದು ಉರುಳೆ. ಉರುಳೆಯಲ್ಲಿ ನಾಲ್ಕು ಸೀಳು. ಸೀಳುಗಳಲ್ಲಿ ಒಳಕ್ಕೂ ಹೊರಕ್ಕೂ ಜಾರುವ ನಾಲ್ಕು ಹಿತ್ತಾಳೆಯ ತಗಡು. ತಗಡು ಯಾವಾಗಲೂ ಪೆಟ್ಟಿಗೆಯ ಗೋಡೆಯನ್ನು ಸವರಿಕೊಂಡೇ ಹೋಗುವಂತೆ ಅದರ ಹಿಂದೆ ಉಕ್ಕಿನ ಸ್ಪ್ರಿಂಗು. ಉಗಿಯು ಇಕ್ಕಟ್ಟಾದ ಕಡೆಯಲ್ಲಿ ಒಳನುಗ್ಗಿ, ತಗಡನ್ನು ತಳ್ಳುತ್ತ, ಅಗಲವಾದ ಕಡೆಗೆ ಹಿಗ್ಗುತ್ತ ಹೋಗಿ, ಕೆಲಸ ಮುಗಿಸಿ ಹೊರಬೀಳಬೇಕು. ಓಡಾಟವಿಲ್ಲ, ನಿಲುಗಡೆಯಿಲ್ಲ. ಕಾಗದದ ಮೇಲೆ ಅದನ್ನು ಕಂಡವರು ಯಾರೂ ಅದು ನಡೆಯಲಾರದೆಂದು ಹೇಳರು.

ಕಂಚುಗಾರರ ಬೀದಿಯಲ್ಲಿ ಎರಕವಾಯಿತು. ಜಿಲ್ಲೆಯ ಪಟ್ಟಣದ ಒಂದು ಕಾರ್ಖಾನೆಯಲ್ಲಿ ಲೇತಿಗೆ ಹಾಕಿ ಒಳಮೈಯನ್ನು ಕಡೆಸಿದರು. ನಿವೃತ್ತಿಯ ಹಣದ ಬಹುಭಾಗ ಇದಕ್ಕೇ ಹೋಯಿತು. ದೊಡ್ಡಮ್ಮನ ಎರಡು ಬಳೆಗಳು ಒಂದು ವರ್ಷ ಸಾಹುಕಾರರ ಪೆಟ್ಟಿಗೆಯಲ್ಲಿದ್ದು ಬಂದುವು. ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. ಆಡಿದವರು ಉಳಿದವರು. ಹಳೆಯ ಸಾಮಾನಿನಲ್ಲಿ ಸಿಕ್ಕಿದ ಸಣ್ಣದೊಂದು ಬಾಯ್ಲರನ್ನು ಹಿತ್ತಲಲ್ಲಿ ಹೂಡಿ ಒಲೆ ಹೊತ್ತಿಸಿದ ದಿನ ಬೀದಿಯ ಮಕ್ಕಳೆಲ್ಲ ಬೇಲಿಯ ಮೇಲಿದ್ದೆವು. ಯಂತ್ರವು ಸುತ್ತಿದ್ದು ನಿಜ. ಆದರೆ ಎಲ್ಲ ಸಂದುಗಳಿಂದಲೂ ಉಗಿ ಬುಸ್ಸೆಂದು ಹೊರಬರುತ್ತಿದ್ದಿತು. ಅಚ್ಚನ್ನು ಎರಡು ಬೆರಳಿನಿಂದ ಹಿಡಿದರೆ ನಿಂತುಬಿಡುತ್ತಿದ್ದಿತು. ಒಂದು ಗಂಟೆ ಕಾಸಿದ ನೀರಿನ ಬಲವೆಲ್ಲ ಐದು ನಿಮಿಷದಲ್ಲಿ ಮುಗಿಯಿತು. ತಗಡುಗಳನ್ನು ಬದಲಿಸಿದರು, ಸಂದುಗಳಿಗೆ ಎಣ್ಣೆಯಲ್ಲಿ ನೆನೆಸಿದ ಸಣಬು ತುರುಕಿದರು. ಬಿಗಿ ಮಾಡಿದರೆ ಸುತ್ತದು, ಸಡಿಲ ಮಾಡಿದರೆ ಸೋರುವುದು. ಹೀಗೆ ಎಂಟೊಂಬತ್ತು ವರ್ಷ.

1966ರ ಬೇಸಿಗೆಯಲ್ಲಿ ನಾನು ರಜಕ್ಕೆ ಬಂದಿದ್ದೆ. ಆಗ ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿ. ಆ ವಯಸ್ಸಿನಲ್ಲಿ ತಿಳಿದಷ್ಟು ಮತ್ತೆಂದೂ ತಿಳಿದಿರುವುದಿಲ್ಲ. ದೊಡ್ಡಪ್ಪನವರು ಜಗಲಿಯ ಮೇಲೆ ಯಂತ್ರವನ್ನು ಬಿಚ್ಚಿಟ್ಟು ತೋರಿಸಿದರು. ಮನೆಯವರೂ ನೆರೆಯವರೂ ಕುಳಿತಿದ್ದರು. ನಾನು, "ದೊಡ್ಡಪ್ಪ, ಇದು ಆಗುವುದಿಲ್ಲ. ಜೇಮ್ಸ್ ವಾಟನ ಕೈಯಲ್ಲೇ ಆಗದ್ದು," ಎಂದೆ. ಯಾರೋ ನಕ್ಕರು, ಒಬ್ಬರು ನಕ್ಕಮೇಲೆ ಎಲ್ಲರೂ ನಕ್ಕರು. ದೊಡ್ಡಪ್ಪನವರು "ಹಾಗೋ" ಎಂದು ಹೇಳಿ, ಬಿಡಿಭಾಗಗಳನ್ನು ಒಂದೊಂದಾಗಿ ಒರಸಿ, ಪಂಚೆಯ ತುಂಡಿನಲ್ಲಿ ಕಟ್ಟಿ ಒಳಗೆ ತೆಗೆದುಕೊಂಡು ಹೋದರು. ಮತ್ತೆ ಒಲೆ ಹೊತ್ತಿಸಲಿಲ್ಲ. 1969ರಲ್ಲಿ ತೀರಿಕೊಂಡರು.

ದೊಡ್ಡಮ್ಮ ಹೋದಮೇಲೆ, 1979ರಲ್ಲಿ, ಅವರ ಟ್ರಂಕನ್ನು ತೆರೆದಾಗ ದೊಡ್ಡಪ್ಪನವರ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಪ್ರತಿಯೊಂದು ಪ್ರಯೋಗವನ್ನೂ ಅದರಲ್ಲಿ ಬರೆದಿಟ್ಟಿದ್ದರು: ಇಷ್ಟು ಸೇರು ನೀರು, ಇಷ್ಟು ಸೌದೆ, ಇಷ್ಟು ಸುತ್ತು, ಸೋರಿಕೆ ಹಿಂದಿನ ಸಲಕ್ಕಿಂತ ಹೆಚ್ಚೋ ಕಡಮೆಯೋ. ತಮ್ಮ ಸೋಲನ್ನು ಎಲ್ಲಿಯೂ ಮರೆಸಿಲ್ಲ. ಕೊನೆಯದು ನಾನು ಜಗಲಿಯ ಮೇಲೆ ಮಾತನಾಡಿದ ದಿನದ್ದು. "ವಾಟನಿಂದಲೂ ಆಗಲಿಲ್ಲವಂತೆ. ಯಾವ ಕಾರಣದಿಂದ ಎಂದು ಅವನನ್ನು ಕೇಳಬೇಕು." ಅಷ್ಟೇ.

ಅವರು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ವಾಟನ ಹೆಸರನ್ನು ಪಾಠದ ಪುಸ್ತಕದ ಒಂದು ಸಾಲಿನಿಂದ ಎತ್ತಿಕೊಂಡಿದ್ದೆನೇ ಹೊರತು ಅವನು ಮಾಡಿದ್ದೇನು, ಎಲ್ಲಿ ತಡೆದು ನಿಂತನು, ಒಂದನ್ನೂ ಅರಿಯೆನು. ವಿದ್ಯುತ್ತಿನ ಇಲಾಖೆಯಲ್ಲಿ ಕೆಲಸ ಮಾಡುತ್ತ, ಸುತ್ತುವ ಯಂತ್ರಗಳ ನಡುವೆಯೇ ಬಾಳು ಕಳೆದು, ಬಿಡುವಾದಾಗಲೆಲ್ಲ ಹುಡುಕಿ ತಿಳಿದುಕೊಂಡದ್ದನ್ನು ಈಗ ಹೇಳುತ್ತೇನೆ. ಕಾಲ ಮೀರಿತೆಂಬುದು ನನಗೆ ಗೊತ್ತು.

ಮೊದಲನೆಯದಾಗಿ, ವಾಟನೂ ದೊಡ್ಡಪ್ಪನವರ ಪ್ರಶ್ನೆಯನ್ನೇ ಕೇಳಿದ್ದನು. ಅವನ ಪ್ರಖ್ಯಾತವಾದ 1769ರ ಪೇಟೆಂಟಿನಲ್ಲಿಯೇ ಉಗಿಯಿಂದ ನೆಟ್ಟಗೆ ಸುತ್ತುವ ಚಕ್ರವೊಂದರ ವರ್ಣನೆಯಿದೆ. ಬಳೆಯಂತೆ ಟೊಳ್ಳಾದ ಒಂದು ಚಕ್ರ. ಅದರೊಳಗೆ ಒಂದೇ ದಿಕ್ಕಿಗೆ ದಾರಿಬಿಡುವ ಬಾಗಿಲುಗಳು. ಆ ದಾರಿಯಲ್ಲಿ ಒಂದು ಭಾರ. ಉಗಿಯು ಭಾರವನ್ನು ಒಂದು ಕಡೆಗೆ ಒತ್ತಿದರೆ ಚಕ್ರವು ತಿರುಗಬೇಕು. ಇದರ ಮೇಲೆ ಅವನು ವರ್ಷಗಟ್ಟಲೆ ಹಣವನ್ನೂ ಬುದ್ಧಿಯನ್ನೂ ಸುರಿದು ಕೊನೆಗೆ ಕೈಬಿಟ್ಟನು. 1781ರಲ್ಲಿ ಹಿಂದುಮುಂದಾಗಿ ಆಡುವ ಪಿಸ್ಟನ್ನಿಗೇ ಹಲ್ಲುಗಾಲಿಗಳನ್ನು ಜೋಡಿಸಿ ಸುತ್ತುವ ಚಲನೆಯನ್ನು ಪಡೆದನು. ಅವನ ನೆಚ್ಚಿನ ಸಹಾಯಕ ವಿಲಿಯಂ ಮರ್ಡಾಕನು ಮಾತ್ರ ಆಸೆ ಬಿಡದೆ, ಒಂದಕ್ಕೊಂದು ಕಚ್ಚಿಕೊಂಡ ಎರಡು ಹಲ್ಲುಗಾಲಿಗಳ ನಡುವೆ ಉಗಿಯನ್ನು ಹೊಗಿಸುವ ಸುತ್ತುಯಂತ್ರಕ್ಕೆ 1799ರಲ್ಲಿ ಪೇಟೆಂಟು ಪಡೆದನು. ದೊಡ್ಡಪ್ಪನವರ ಜಾರುವ ತಗಡಂತೂ ಇನ್ನೂ ಹಳೆಯದು. 1588ರಲ್ಲಿ ರಮೆಲ್ಲಿ ಎಂಬ ಇಟಲಿಯವನು ಅಚ್ಚು ಹಾಕಿಸಿದ ಯಂತ್ರಗಳ ಪುಸ್ತಕದಲ್ಲಿ ಅದರ ಚಿತ್ರವಿದೆ. ದೊಡ್ಡಪ್ಪನವರು ಆ ಪುಸ್ತಕವನ್ನು ಕಂಡವರಲ್ಲ. ತಾವೇ ಯೋಚಿಸಿ ಅದನ್ನು ಮತ್ತೆ ಕಂಡುಕೊಂಡಿದ್ದರು. ಜಗಲಿಯ ಮೇಲೆ ನಾನು ಹೇಳಬಹುದಾಗಿದ್ದ ಮಾತು ಇದು.

ಎರಡನೆಯದು, ಪ್ರಶ್ನೆಯ ಬುಡದಲ್ಲಿಯೇ ಒಂದು ಸಣ್ಣ ತಪ್ಪಿದ್ದಿತು. ಪಿಸ್ಟನ್ನು ನಿಂತು ನಿಂತು ಹೊರಡುವುದರಿಂದ ಶಕ್ತಿ ನಷ್ಟವಾಗುವುದೆಂದು ದೊಡ್ಡಪ್ಪನವರು ಎಣಿಸಿದರು. ಇನ್ನೂ ಎಷ್ಟೋ ಜನ ಎಣಿಸಿದರು. ನಿಜದಲ್ಲಿ ಪಿಸ್ಟನ್ನು ನಿಧಾನವಾಗುವಾಗ ತನ್ನ ವೇಗದ ಬಲವನ್ನು ಗಾಲಿಗೆ ಒಪ್ಪಿಸುತ್ತದೆ. ಹೊರಡುವಾಗ ಗಾಲಿಯಿಂದ ಮತ್ತೆ ಪಡೆಯುತ್ತದೆ. ಕೊಟ್ಟು ತೆಗೆದುಕೊಳ್ಳುವ ಈ ವ್ಯವಹಾರದಲ್ಲಿ ಕೈಬಿಟ್ಟು ಹೋಗುವುದು ಅತ್ಯಲ್ಪ. ಉಳಿಸಬೇಕೆಂದು ಹೊರಟ ಗಂಟು ಅಲ್ಲಿರಲೇ ಇಲ್ಲ.

ಇನ್ನು ಸೋರಿಕೆ. ದುಂಡಾದ ಪಿಸ್ಟನ್ನಿನ ಗುಣವನ್ನು ನಾವು ಗಮನಿಸುವುದಿಲ್ಲ. ಅದಕ್ಕೆ ಮೂಲೆಗಳಿಲ್ಲ. ಅದರ ಸುತ್ತ ವಾಟನ ಕಾಲದಲ್ಲಿ ಕೊಬ್ಬು ಸವರಿದ ಸಣಬನ್ನು ಸುತ್ತುತ್ತಿದ್ದರು. ಮುಂದೆ ಸೀಳುಳ್ಳ ಲೋಹದ ಬಳೆಯನ್ನು ತೊಡಿಸಿದರು. ಬಳೆ ತಾನಾಗಿ ಹಿಗ್ಗಿ, ಸಿಲಿಂಡರಿನ ಮೈಯನ್ನು ಎಲ್ಲ ಕಡೆಯೂ ಸಮನಾಗಿ ತಬ್ಬಿಕೊಳ್ಳುತ್ತದೆ. ಸವೆದರೆ ಇನ್ನಷ್ಟು ಹಿಗ್ಗುತ್ತದೆ. ದೊಡ್ಡಪ್ಪನವರ ತಗಡಾದರೋ ಗೋಡೆಯನ್ನು ಒಂದು ಗೆರೆಯ ಮೇಲೆ ಮಾತ್ರ ಮುಟ್ಟುತ್ತದೆ. ಆ ಗೆರೆ ಸೋರದಂತೆ ಮಾಡಿದರೂ ತಗಡಿನ ಎರಡು ಅಂಚುಗಳು ಪೆಟ್ಟಿಗೆಯ ಎರಡು ಮುಚ್ಚಳಗಳನ್ನು ಸವರಬೇಕು. ಗೆರೆಯೂ ಅಂಚೂ ಕೂಡುವ ಮೂಲೆ ಯಾವ ಬಳೆಗೂ ಎಟುಕದು. ಸಾಲದುದಕ್ಕೆ, ಬಿಸಿಯಾದ ಉರುಳೆಯು ಪೆಟ್ಟಿಗೆಗಿಂತ ಹೆಚ್ಚು ಹಿಗ್ಗುವುದರಿಂದ, ತಣ್ಣಗಿದ್ದಾಗ ಸರಿಯಾಗಿ ಕೂತದ್ದು ಕಾದಾಗ ಕಚ್ಚಿಕೊಳ್ಳುತ್ತದೆ. ಬಿಗಿ ಮಾಡಿದರೆ ಸುತ್ತದು, ಸಡಿಲ ಮಾಡಿದರೆ ಸೋರುವುದು ಎಂದು ದೊಡ್ಡಪ್ಪನವರು ಬರೆದದ್ದು ಅಕ್ಷರಶಃ ಸತ್ಯ. ಉಗಿಯನ್ನು ಬಿಟ್ಟು ಪೆಟ್ರೋಲಿನಿಂದ ಸುತ್ತುಯಂತ್ರವನ್ನು ನಡೆಸಿದ ಜರ್ಮನಿಯ ಫೆಲಿಕ್ಸ್ ವಾಂಕೆಲನಿಗೂ ಇದೇ ಕಾಟ. ಅವನ ಯಂತ್ರ ಮೊದಲು ಓಡಿದ್ದು 1957ರಲ್ಲಿ, ದೊಡ್ಡಪ್ಪನವರು ನಿವೃತ್ತರಾದ ವರ್ಷವೇ! ಅದನ್ನು ಮೋಟಾರು ಕಾರಿಗೆ ಅಳವಡಿಸಲು ಹೊರಟ ಜಪಾನಿನ ಮಾಜ್ದಾ ಕಂಪನಿಯವರಿಗೆ, ಮೂರು ಮೂಲೆಯ ಉರುಳೆಯು ಗೋಡೆಯ ಮೇಲೆ ಸಾಲುಸಾಲಾಗಿ ಗೀರುವುದನ್ನು ತಪ್ಪಿಸುವುದೇ ದೊಡ್ಡ ಕೆಲಸವಾಯಿತು. ಆ ಗೀರುಗಳಿಗೆ ಅವರು ದೆವ್ವದ ಉಗುರಿನ ಗುರುತೆಂದು ಹೆಸರಿಟ್ಟಿದ್ದರು. ದೊಡ್ಡಪ್ಪನವರ ಪೆಟ್ಟಿಗೆಯ ಒಳಮೈಯಲ್ಲಿಯೂ ಆ ಉಗುರಿನ ಗುರುತುಗಳಿವೆ. ನಾನು ದೀಪ ಹಿಡಿದು ನೋಡಿದ್ದೇನೆ.

ಹಾಗಾದರೆ ಉಗಿಯೂ ನೀರೂ ಚಕ್ರವನ್ನು ನೆಟ್ಟಗೆ ಸುತ್ತಿಸಲೇ ಇಲ್ಲವೆ? ಸುತ್ತಿಸಿದುವು, ಆದರೆ ಅವನ್ನು ಕೂಡಿಹಾಕಿ ತಳ್ಳಿಸುವ ಹಂಬಲವನ್ನು ಬಿಟ್ಟವರ ಕೈಯಲ್ಲಿ. ಫ್ರಾನ್ಸಿನ ಫೂರ್ನೆರಾನ್ ಎಂಬ ಯುವಕನು 1827ರಲ್ಲಿ ಆರು ಕುದುರೆಬಲದ ನೀರಿನ ಟರ್ಬೈನನ್ನು ಕಟ್ಟಿದನು. ಹತ್ತು ವರ್ಷದ ಮೇಲೆ ಜರ್ಮನಿಯ ಕಾಡುಸೀಮೆಯೊಂದರಲ್ಲಿ ಅವನು ನಿಲ್ಲಿಸಿದ ಚಕ್ರ ಒಂದಡಿಯಷ್ಟೇ ಅಗಲವಿದ್ದು, ನಿಮಿಷಕ್ಕೆ 2,300 ಸುತ್ತು ಸುತ್ತಿ 60 ಕುದುರೆಗಳ ಕೆಲಸ ಮಾಡಿತು. ಅಲ್ಲಿ ನೀರನ್ನು ಓಡಗೊಟ್ಟು, ಅದರ ಓಟವನ್ನು ಬಾಗಿದ ಅಲಗುಗಳ ಮೇಲೆ ತಿರುಗಿಸಿಬಿಡುವುದಷ್ಟೆ. ಶರಾವತಿಯ ವಿದ್ಯುದಾಗಾರದಲ್ಲಿ ಪೆಲ್ಟನ್ ಚಕ್ರಗಳನ್ನು ನಾನು ಮೊದಲು ಕಂಡಾಗ ಬೆರಗಾದದ್ದು ಅವುಗಳ ಗಾತ್ರಕ್ಕಲ್ಲ, ಅವುಗಳ ನಿಶ್ಚಿಂತೆಗೆ. ಬೆಟ್ಟದಿಂದಿಳಿದ ನೀರು ಮೂತಿಯಿಂದ ಚಿಮ್ಮಿ ಜೋಡಿ ಬಟ್ಟಲುಗಳನ್ನು ಹೊಡೆಯುತ್ತದೆ. ಬಟ್ಟಲು ನೀರಿನ ಅರ್ಧದಷ್ಟು ವೇಗದಲ್ಲಿ ಓಡುತ್ತದೆ. ಬಲವೆಲ್ಲ ಕೊಟ್ಟ ನೀರು ಸುಸ್ತಾದವರಂತೆ ಕೆಳಗೆ ಬೀಳುತ್ತದೆ. ಚಕ್ರವು ಬಯಲು ಗಾಳಿಯಲ್ಲಿ ತಿರುಗುತ್ತಿರುತ್ತದೆ. ಅಲ್ಲಿ ಸೋರುವ ಗೋಡೆಯೇ ಇಲ್ಲ.

ಉಗಿಗೆ ಇದೇ ಉಪಾಯ ಸುಲಭವಾಗಿರಲಿಲ್ಲ. ಅದು ನೀರಿಗಿಂತ ಬಹಳ ಹಗುರ, ಅದರ ಓಟ ಬಹಳ ಜೋರು. 1784ರಲ್ಲಿ ವಿಯೆನ್ನದ ಕೆಂಪೆಲೆನ್ ಎಂಬವನು ಉಗಿ ಚಿಮ್ಮಿಸಿ ತಿರುಗುವ ಯಂತ್ರವೊಂದನ್ನು ಮಾಡುತ್ತಿದ್ದಾನೆಂದು ಕೇಳಿ ವಾಟನ ಪಾಲುಗಾರನಿಗೆ ದಿಗಿಲಾಯಿತು. ವಾಟನು ಲೆಕ್ಕ ಹಾಕಿದನು. ಅಂಥ ಯಂತ್ರ ಲಾಭದಾಯಕವಾಗಬೇಕಾದರೆ ಸೆಕೆಂಡಿಗೆ ಸುಮಾರು ಸಾವಿರ ಅಡಿ ಓಡಬೇಕು. ದೇವರೇ ಅಂಥ ವೇಗವನ್ನು ಸಾಧ್ಯಮಾಡಿಕೊಟ್ಟ ಹೊರತು ನಮಗೆ ಭಯವಿಲ್ಲವೆಂದು ಬರೆದನು. ಲೆಕ್ಕ ಸರಿಯಾಗಿಯೇ ಇದ್ದಿತು. ನೂರು ವರ್ಷಗಳ ಮೇಲೆ ಸ್ವೀಡನ್ನಿನ ಲಾವಾಲನು ಹಾಲಿನ ಕೆನೆ ಬೇರ್ಪಡಿಸುವ ಯಂತ್ರವನ್ನು ನಡೆಸಲೆಂದು ಹೊರಟು, ನಿಮಿಷಕ್ಕೆ 30,000 ಸುತ್ತಿನ ಉಗಿಚಕ್ರವನ್ನು ಕಟ್ಟಿದನು. 1884ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸನು ಇನ್ನೂ ಜಾಣ್ಮೆಯ ದಾರಿ ಹಿಡಿದನು: ಉಗಿಯ ಒತ್ತಡವನ್ನು ಒಂದೇ ನೆಗೆತದಲ್ಲಿ ಇಳಿಸದೆ, ಸೋಪಾನದ ಮೆಟ್ಟಿಲುಗಳಂತೆ ಸಾಲುಸಾಲು ಅಲಗುಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿದನು. ಅವನ ಅಲಗುಗಳು ಪೆಟ್ಟಿಗೆಯ ಗೋಡೆಯನ್ನು ಮುಟ್ಟುವುದಿಲ್ಲ. ನಡುವೆ ಕೂದಲೆಳೆಯಷ್ಟು ಸಂದನ್ನು ಬೇಕೆಂದೇ ಬಿಟ್ಟು, ಅಲ್ಲಿ ಸೋರುವುದನ್ನು ಖರ್ಚಿನ ಕಲಮಿಗೆ ಬರೆದುಕೊಂಡನು. ಅವನ 'ಟರ್ಬೀನಿಯ' ದೋಣಿಯು 1897ರಲ್ಲಿ ವಿಕ್ಟೋರಿಯ ರಾಣಿಯ ವಜ್ರಮಹೋತ್ಸವದ ನೌಕಾಪ್ರದರ್ಶನದ ನಡುವೆ 34 ನಾಟಿನ ವೇಗದಿಂದ ನುಗ್ಗಿದಾಗ ಅದನ್ನು ಹಿಡಿಯಬಲ್ಲ ಹಡಗು ಅಲ್ಲಿರಲಿಲ್ಲ. ಇಂದು ನಮ್ಮ ರಾಯಚೂರಿನ ಉಷ್ಣಸ್ಥಾವರದಲ್ಲಿ ಕಲ್ಲಿದ್ದಲಿನ ಉಗಿ ಸುತ್ತಿಸುವುದೂ ಅದೇ ಬಗೆಯ ಬಹುಸಾಲಿನ ಚಕ್ರವನ್ನು, ನಿಮಿಷಕ್ಕೆ 3,000 ಸುತ್ತಿನಂತೆ.

ದೊಡ್ಡಪ್ಪನವರಿಗೆ ಇದನ್ನೆಲ್ಲ ಹೇಳಿದ್ದರೆ ಅವರು ಬೇಸರಪಡುತ್ತಿದ್ದರೆಂದು ನನಗೆ ತೋರುವುದಿಲ್ಲ. ಅವರಿಗೆ ಬೇಕಾಗಿದ್ದುದು ಕಾರಣ. ನಾನು ಕೊಟ್ಟದ್ದು ತೀರ್ಪು.

ಇನ್ನೊಂದು ವಿಷಯ ಉಳಿದಿದೆ; ಅದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆನು. ರಮೆಲ್ಲಿಯ ಚಿತ್ರದಲ್ಲಿರುವ ಜಾರುವ ತಗಡಿನ ಯಂತ್ರ ಎಂಜಿನ್ನಲ್ಲ, ನೀರೆತ್ತುವ ಪಂಪು. ಉಗಿಗೆ ಸೋಲುವ ಆ ವಿನ್ಯಾಸ ನೀರಿಗೂ ಎಣ್ಣೆಗೂ ಚೆನ್ನಾಗಿ ಒಗ್ಗುತ್ತದೆ. ಅವು ಉಗಿಗಿಂತ ಮಂದವಾದ್ದರಿಂದ ಸಂದಿನಲ್ಲಿ ಅಷ್ಟಾಗಿ ನುಸುಳವು. ಕಾವಿಲ್ಲದ್ದರಿಂದ ಉರುಳೆ ಕಚ್ಚಿಕೊಳ್ಳದು. ಈಗಲೂ ಲೋಕದಲ್ಲಿ ಅಂಥ ಪಂಪುಗಳು ಲೆಕ್ಕವಿಲ್ಲದಷ್ಟು ಕೆಲಸ ಮಾಡುತ್ತಿವೆ. ದೊಡ್ಡಪ್ಪನವರ ಯಂತ್ರದ ಅಚ್ಚಿಗೆ ಒಂದು ಹಿಡಿಯನ್ನು ಸಿಕ್ಕಿಸಿ, ಉಗಿ ಬರುತ್ತಿದ್ದ ಬಾಯಿಗೆ ಕೊಳವೆ ಜೋಡಿಸಿ ಬಾವಿಗೆ ಇಳಿಬಿಟ್ಟು, ಮೊದಲು ಒಂದು ಚೊಂಬು ನೀರು ಹುಯ್ದು ತಿರುಗಿಸಿದ್ದರೆ ಅದು ನೀರೆತ್ತುತ್ತಿದ್ದಿತು. ನಮ್ಮ ಹಿತ್ತಲ ಬಾವಿಯಲ್ಲಿ ಬೇಸಿಗೆಯಲ್ಲಿಯೂ ನೀರು 15 ಅಡಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಒಂದು ದಿನದ ಕೆಲಸ. ಮೂರನೆಯ ವರ್ಷದ ವಿದ್ಯಾರ್ಥಿಗೂ ಹೊಳೆಯಬಹುದಾಗಿದ್ದಂಥದು. ದೊಡ್ಡಮ್ಮ ಆಮೇಲೆಯೂ ಹನ್ನೆರಡು ವರ್ಷ ಆ ಬಾವಿಯಿಂದ ಹಗ್ಗ ಹಿಡಿದೇ ನೀರು ಸೇದಿದರು.