ಕೆರೆಗಳ ಸೀಮೆಯಲ್ಲಿ ಒಂದು ಉಪಗ್ರಹದ ಕಥೆ

ಶಿವಮೊಗ್ಗದಿಂದ ಹೊರಟ ಬಸ್ಸು ಶಿಕಾರಿಪುರ ಸೇರುವ ಹೊತ್ತಿಗೆ ಅತ್ತ ಪೂರಾ ಮಲೆನಾಡೂ ಅಲ್ಲದ, ಇತ್ತ ಬಯಲುಸೀಮೆಯೂ ಅಲ್ಲದ ನಾಡು ಕಣ್ಣೆದುರು ತೆರೆದುಕೊಳ್ಳುತ್ತದೆ. ಜನ ಇದನ್ನು ಅರೆಮಲೆನಾಡು ಎನ್ನುತ್ತಾರೆ. ಒಂದು ಕಡೆ ಮೆಕ್ಕೆಜೋಳದ ಹೊಲ, ಇನ್ನೊಂದು ಕಡೆ ಭತ್ತದ ಗದ್ದೆ, ನಡುನಡುವೆ ಅಡಿಕೆ ತೋಟ. ಇವೆಲ್ಲವನ್ನೂ ಹಿಡಿದಿಟ್ಟಿರುವುದು ಕೆರೆ. ಶಿಕಾರಿಪುರದಲ್ಲಂತೂ ಊರ ದೇವರಿಗೂ ಕೆರೆಗೂ ಒಂದೇ ಹೆಸರು: ಹುಚ್ಚರಾಯಸ್ವಾಮಿ, ಹುಚ್ಚರಾಯನ ಕೆರೆ. ಇಲ್ಲಿಂದ ಸೊರಬದವರೆಗೆ ಹೋದರೆ ದಾರಿಯುದ್ದಕ್ಕೂ ಏರಿ, ತೂಬು, ಕೋಡಿಗಳ ಸಾಲು. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಅನ್ನ. ಇಲ್ಲಿಯ ಲೆಕ್ಕ ಇಷ್ಟೇ.

ಈ ಕೆರೆಗಳನ್ನು ತುಂಬುವ ಮುಗಿಲುಗಳನ್ನು ಮೇಲಿನಿಂದ ನೋಡುತ್ತಿದ್ದ ಒಂದು ಯಂತ್ರವಿತ್ತು. ಅದರ ಹೆಸರೇ ಮೇಘಾ-ಟ್ರಾಪಿಕ್ಸ್. ‘ಮೇಘ’ ನಮ್ಮದು, ‘ಟ್ರಾಪಿಕ್ಸ್’ ಉಷ್ಣವಲಯ ಎಂಬರ್ಥದ ಫ್ರೆಂಚರ ಮಾತು. ಇಸ್ರೊ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಕೂಡಿ ತಯಾರಿಸಿದ, ಸುಮಾರು 1,000 ಕಿಲೋ ತೂಕದ ಈ ಉಪಗ್ರಹ 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟಾದಿಂದ ಮೇಲೇರಿತು. 867 ಕಿ.ಮೀ. ಎತ್ತರದಲ್ಲಿ ಅದರ ಸುತ್ತಾಟ. ಕಕ್ಷೆಯ ಓರೆ ಕೇವಲ 20 ಡಿಗ್ರಿ. ಅಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ 20ನೆಯ ಅಕ್ಷಾಂಶದವರೆಗೆ ಮಾತ್ರ ಅದರ ಓಡಾಟ. ಶಿಕಾರಿಪುರ, ಸೊರಬಗಳಿರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ತುಸು ಮೇಲೆ. ಹಾಗಾಗಿ ಈ ಸೀಮೆಯ ನೆತ್ತಿಯ ಮೇಲಿಂದಲೋ ತುಸು ಆಚೀಚಿನಿಂದಲೋ ಅದು ದಿನಕ್ಕೆ ಹಲವು ಸಲ ಹಾದುಹೋಗುತ್ತಿತ್ತು. ಕೆಳಗೆ ನಾಟಿ ಮಾಡುತ್ತಿದ್ದವರಿಗೆ ಅದರ ಸುಳಿವೇ ಇರಲಿಲ್ಲ.

ಮೂರು ವರ್ಷ ಬಾಳಲೆಂದು ಕಳುಹಿಸಿದ್ದ ಯಂತ್ರ ಅದು. ಮಳೆಯನ್ನು ಅಳೆಯುವ ‘ಮದ್ರಾಸ್’ ಎಂಬ ಉಪಕರಣ 2013ರಲ್ಲೇ ಕೆಟ್ಟಿತು. ಆದರೆ ಗಾಳಿಯ ತೇವಾಂಶ ಅಳೆಯುವ ‘ಸಫೀರ್’ ಕೆಲಸ ಮಾಡುತ್ತಲೇ ಇತ್ತು. 2021ರವರೆಗೂ ಅದರಿಂದ ಮಾಹಿತಿ ಬಂತು. ಆಮೇಲೆ ಪ್ರಶ್ನೆ ಎದ್ದಿತು: ಕೆಲಸ ಮುಗಿದ ಈ ಮುದಿ ಉಪಗ್ರಹವನ್ನು ಏನು ಮಾಡುವುದು?

ಆ ಪ್ರಶ್ನೆಗೆ ಸಿಕ್ಕ ಉತ್ತರವನ್ನು ತಿಳಿಯುವ ಮುನ್ನ ಶಿರಾಳಕೊಪ್ಪದ ಹತ್ತಿರದ ಒಂದು ಹಳ್ಳಿಗೆ ಹೋಗಿಬರುವುದು ಒಳ್ಳೆಯದು. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಅದು. ಬಳ್ಳಿಗಾವೆಯ ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳನ್ನು ನೋಡಲು ಬರುವವರು ಅನೇಕ. ಆದರೆ ಅಲ್ಲಿಂದ ಕೂಗಳತೆಯಲ್ಲಿಲ್ಲದಿದ್ದರೂ ದೂರವೂ ಅಲ್ಲದ ತಾಳಗುಂದಕ್ಕೆ ಹೋಗುವವರು ಕಡಿಮೆ. ಅಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಕಲ್ಲಿನ ಕಂಬವೊಂದಿದೆ. ಕಂಬದ ಉದ್ದಕ್ಕೆ ನಿಲುವಾಗಿ ಕೊರೆದ ಸಂಸ್ಕೃತ ಶಾಸನ. ಬರೆದ ಕವಿ ಕುಬ್ಜ. ಕದಂಬರ ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಪಲ್ಲವರ ಮೇಲೆ ಮುನಿದು ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಈ ಕಂಬದಿಂದಲೇ. ಇತಿಹಾಸದ ಪುಸ್ತಕಗಳು ಅಷ್ಟಕ್ಕೇ ನಿಲ್ಲುತ್ತವೆ. ಆದರೆ ಕಂಬ ನೆಟ್ಟದ್ದು ಯುದ್ಧದ ಕಥೆ ಹೇಳಲಿಕ್ಕಲ್ಲ. ಅರಸ ಕಾಕುಸ್ಥವರ್ಮ ಈ ಶಿವಾಲಯದ ನೀರಿಗಾಗಿ ಒಂದು ದೊಡ್ಡ ಕೆರೆ ಕಟ್ಟಿಸಿದ ಎಂಬುದನ್ನು ದಾಖಲಿಸಲಿಕ್ಕೆ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಶಾಸನ ಕೊರೆದದ್ದು. ಐದನೆಯ ಶತಮಾನದ ಮಾತಿದು.

ಕೆರೆ ಕಟ್ಟಿಸುವುದು ಪುಣ್ಯವೆಂದು ಬಗೆದ ನಮ್ಮ ಹಿಂದಿನವರಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಕಟ್ಟಿದ ಕೆರೆ ತಾನಾಗಿ ಉಳಿಯುವುದಿಲ್ಲ. ವರ್ಷ ವರ್ಷ ಹೂಳು ತುಂಬುತ್ತದೆ, ಏರಿ ಜರಿಯುತ್ತದೆ, ತೂಬು ಕಟ್ಟಿಕೊಳ್ಳುತ್ತದೆ. ಅದಕ್ಕೇ ಕರ್ನಾಟಕದ ಶಾಸನಗಳಲ್ಲಿ ಕೆರೆಯ ಜೊತೆಗೆ ‘ಬಿತ್ತುವಟ್ಟ’ ಎಂಬ ಮಾತು ಬರುತ್ತದೆ. ಕೆರೆಯ ದುರಸ್ತಿಗೆಂದೇ ಬಿಟ್ಟುಕೊಟ್ಟ ಭೂಮಿಯ ಏರ್ಪಾಡು ಅದು. ಇಂಥ ದತ್ತಿಗಳು ‘ಆಚಂದ್ರಾರ್ಕ’ವಾಗಿ, ಅಂದರೆ ಚಂದ್ರ ಸೂರ್ಯರು ಇರುವವರೆಗೆ ನಡೆಯಲಿ ಎಂಬುದು ಶಾಸನಗಳ ಆಸೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯನನ್ನೂ ಚಂದ್ರನನ್ನೂ ಬಿಡಿಸುತ್ತಿದ್ದದ್ದು ಆ ಆಸೆಯ ಗುರುತು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಹೊಲದ ಬದುವಿನಲ್ಲಿ, ಗುಡಿಯ ಮಗ್ಗುಲಲ್ಲಿ ನಿಂತಿರುವ ಶಾಸನಗಳಲ್ಲೂ ವೀರಗಲ್ಲುಗಳಲ್ಲೂ ಈ ಜೋಡಿ ಇಂದಿಗೂ ಕಾಣಸಿಗುತ್ತದೆ.

ಮನುಷ್ಯ ಆಕಾಶಕ್ಕೆ ಉಪಗ್ರಹ ಹಾರಿಸತೊಡಗಿದಾಗ ಈ ಎರಡನೆಯ ಯೋಚನೆಯನ್ನು ಹೆಚ್ಚಾಗಿ ಮಾಡಲಿಲ್ಲ. ಮೇಲೆ ಕಳುಹಿಸುವುದರಲ್ಲೇ ಎಲ್ಲರ ಗಮನ. ವಯಸ್ಸಾದವರಿಗೆ ಇಂದಿಗೂ ‘ಸ್ಕೈಲ್ಯಾಬ್’ ಎಂಬ ಹೆಸರು ನೆನಪಿದೆ. ಅಮೆರಿಕದ ಸುಮಾರು 77 ಟನ್ ತೂಕದ ಆ ಪ್ರಯೋಗಾಲಯ 1979ರ ಜುಲೈ 11ರಂದು ಉರುಳಿ ಬಿದ್ದಾಗ ಎಲ್ಲಿ ಬೀಳುತ್ತದೆಂದು ಯಾರೂ ಖಚಿತವಾಗಿ ಹೇಳಲಾರದೆ ಹೋದರು. ನಮ್ಮ ದೇಶದ ಹಳ್ಳಿಗಳಲ್ಲೂ ಜನ ಹೆದರಿದ್ದರು. ಕೊನೆಗೆ ಅದರ ಚೂರುಗಳು ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನ ಸುತ್ತಮುತ್ತ ಬಿದ್ದವು. ಕಸ ಹಾಕಿದ್ದಕ್ಕಾಗಿ ಆ ಊರಿನ ಆಡಳಿತ ಅಮೆರಿಕಕ್ಕೆ 400 ಡಾಲರ್ ದಂಡ ಹಾಕಿತು! ಬೆಂಗಳೂರಿನ ಪೀಣ್ಯದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟವೂ ಹಾಗೆಯೇ ತಾನಾಗಿ ಇಳಿಯುತ್ತಾ 1992ರ ಫೆಬ್ರವರಿಯಲ್ಲಿ ವಾತಾವರಣ ಸೇರಿತು. ಅದು 360 ಕಿಲೋದ ಪುಟ್ಟ ವಸ್ತು, ಯಾರಿಗೂ ತೊಂದರೆಯಾಗಲಿಲ್ಲ.

ಉಪಗ್ರಹ ಬೀಳುವುದೇಕೆ? ನೂರಾರು ಕಿಲೋಮೀಟರ್ ಎತ್ತರದಲ್ಲೂ ಗಾಳಿ ಸಂಪೂರ್ಣ ಇಲ್ಲವೆಂದಲ್ಲ. ತೀರಾ ತೆಳುವಾಗಿ ಇದೆ. ಅದರ ತಡೆ ಉಪಗ್ರಹವನ್ನು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಎಳೆಯುತ್ತದೆ. ಕೆಳಗೆ ಇಳಿದಷ್ಟೂ ಗಾಳಿ ದಟ್ಟ, ತಡೆಯೂ ಹೆಚ್ಚು. ಸೂರ್ಯನ ಚಟುವಟಿಕೆ ಏರಿದಾಗ ಮೇಲಿನ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ಇಳಿತ ಇನ್ನೂ ಬೇಗ. ಈ ಹಿಗ್ಗು ಕುಗ್ಗುಗಳನ್ನು ಮೊದಲೇ ನಿಖರವಾಗಿ ಹೇಳುವುದು ಕಷ್ಟ. ಆದ್ದರಿಂದಲೇ ಬೀಳುವ ಗಳಿಗೆಯ ಲೆಕ್ಕ ತಪ್ಪುತ್ತದೆ. ಸೊರಬದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಒಂದು ರಾತ್ರಿಯ ಪ್ರಯಾಣ. ಉಪಗ್ರಹಕ್ಕೆ ಅದು ಒಂದು ನಿಮಿಷದ ದಾರಿಯೂ ಅಲ್ಲ. ಹೀಗಿರುವಾಗ ಲೆಕ್ಕ ಅರ್ಧ ಗಂಟೆ ತಪ್ಪಿದರೆ ಬೀಳುವ ಜಾಗ ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಹೋಗಿಬಿಡುತ್ತದೆ.

ಕೆರೆಯ ಭಾಷೆಯಲ್ಲಿ ಹೇಳುವುದಾದರೆ ಸ್ಕೈಲ್ಯಾಬ್ ಬಿದ್ದದ್ದು ಏರಿ ಒಡೆದಂತೆ. ನೀರು ಯಾರ ಗದ್ದೆಗೆ ನುಗ್ಗುತ್ತದೋ ಬಲ್ಲವರಿಲ್ಲ. ತೂಬು ಎತ್ತಿ ಬಿಟ್ಟ ನೀರು ಹಾಗಲ್ಲ, ಕಾಲುವೆಯಲ್ಲೇ ಹೋಗುತ್ತದೆ. ಮೇಘಾ-ಟ್ರಾಪಿಕ್ಸನ್ನು ತೂಬು ಎತ್ತಿದಂತೆ ಇಳಿಸಬೇಕೆಂದು ಇಸ್ರೊ ನಿರ್ಧರಿಸಿತು. ಬಿಟ್ಟುಬಿಟ್ಟಿದ್ದರೆ ಅಷ್ಟು ಎತ್ತರದಿಂದ ಅದು ಬೀಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಿತ್ತು. ಕೆಲಸ ಮುಗಿದ ಮೇಲೆ 25 ವರ್ಷದೊಳಗೆ ಕಕ್ಷೆ ಖಾಲಿ ಮಾಡಬೇಕೆಂಬ ಅಂತರರಾಷ್ಟ್ರೀಯ ಸೂಚನೆಯೂ ಇತ್ತು. ಅದರ ಹೊಟ್ಟೆಯಲ್ಲಿ ಇನ್ನೂ 125 ಕಿಲೋದಷ್ಟು ಇಂಧನ ಉಳಿದಿತ್ತು. ಅಂಥದ್ದು ಯಾವಾಗಲೋ ಸಿಡಿದರೆ ಚೂರುಗಳು ಉಳಿದ ಉಪಗ್ರಹಗಳ ದಾರಿಯಲ್ಲೆಲ್ಲ ಹರಡುತ್ತವೆ. ಅಪಾಯವಾಗಿದ್ದ ಆ ಇಂಧನವನ್ನೇ ಉಪಾಯವಾಗಿ ಬಳಸಬಹುದಲ್ಲ? ಉಪಗ್ರಹವನ್ನು ಕಟ್ಟುವಾಗ ಹೀಗೆ ಇಳಿಸುವ ಏರ್ಪಾಡು ಮಾಡಿರಲಿಲ್ಲ. ಆದರೂ ಉಳಿದ ಇಂಧನ ಅದರ ಬಿತ್ತುವಟ್ಟವಾಯಿತು.

2022ರ ಆಗಸ್ಟಿನಿಂದ ಕೆಲಸ ಆರಂಭ. ಒಟ್ಟು 20 ಸಲ ಎಂಜಿನ್ ಉರಿಸಿ, ಸುಮಾರು 120 ಕಿಲೋ ಇಂಧನ ಖರ್ಚು ಮಾಡಿ, ಕಕ್ಷೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರಾಕ್ ಕೇಂದ್ರ ಉಪಗ್ರಹದ ಸಂಕೇತಗಳನ್ನು ಹಿಡಿದು, ಅದು ಎಲ್ಲಿದೆ, ಎಷ್ಟು ಇಳಿದಿದೆ ಎಂದು ಪ್ರತಿ ಹೆಜ್ಜೆಗೂ ಲೆಕ್ಕ ಹಾಕುತ್ತಿತ್ತು. ಬೀಳಿಸಲು ಗೊತ್ತುಮಾಡಿದ ಜಾಗ ಪೆಸಿಫಿಕ್ ಸಾಗರದ ಜನರಿಲ್ಲದ ಭಾಗ.

ಕೊನೆಯ ದಿನ 2023ರ ಮಾರ್ಚ್ 7. ನಮ್ಮ ಪಂಚಾಂಗದಲ್ಲಿ ಅಂದು ಹೋಳಿ ಹುಣ್ಣಿಮೆ. ಸಂಜೆ 4 ಗಂಟೆ 32 ನಿಮಿಷಕ್ಕೆ ಒಂದು ಸಲ, 6 ಗಂಟೆ 21 ನಿಮಿಷಕ್ಕೆ ಇನ್ನೊಂದು ಸಲ, ನಾಲ್ಕು ಪುಟ್ಟ ಎಂಜಿನ್‌ಗಳು ತಲಾ 20 ನಿಮಿಷದಷ್ಟು ಉರಿದವು. ಒಂದೊಂದರ ಬಲ 11 ನ್ಯೂಟನ್. ನಾಲ್ಕೂ ಸೇರಿದರೆ ನಾಲ್ಕೂವರೆ ಕಿಲೋ ಅಕ್ಕಿಯ ಚೀಲವನ್ನು ಕೈಯಲ್ಲಿ ಎತ್ತಿ ಹಿಡಿಯುವಷ್ಟು ಬಲ, ಅಷ್ಟೇ. ಸೆಕೆಂಡಿಗೆ 7 ಕಿಲೋಮೀಟರಿಗೂ ಹೆಚ್ಚು ಓಡುವ ವಸ್ತುವಿನ ವೇಗ ಅದರಿಂದ ತುಸು ಮಾತ್ರ ತಗ್ಗುತ್ತದೆ. ಆದರೆ ಅಷ್ಟು ಸಾಕಾಯಿತು. ಕಕ್ಷೆಯ ಕೆಳತುದಿ 80 ಕಿಲೋಮೀಟರಿಗಿಂತ ಕೆಳಗೆ ಬಂತು. ದಟ್ಟ ಗಾಳಿಗೆ ಸಿಕ್ಕ ಉಪಗ್ರಹ ಬಿಸಿಯೇರಿ ಒಡೆದು ಪೆಸಿಫಿಕ್ ಮೇಲೆ ಉರಿದುಹೋಯಿತು. ಯಾರ ಮನೆಯ ಹಂಚೂ ಅಲುಗಲಿಲ್ಲ.

ಆ ಎರಡನೆಯ ಉರಿ ಮುಗಿಯುವ ಹೊತ್ತು ಸೊರಬದ ಕಡೆ ಸೂರ್ಯ ಮುಳುಗುವ ಹೊತ್ತು. ಹುಣ್ಣಿಮೆಯಾದ್ದರಿಂದ ಪೂರ್ವದಲ್ಲಿ ಚಂದ್ರ ಏಳುವ ಹೊತ್ತೂ ಅದೇ. ಶಾಸನದ ಕಲ್ಲಿನ ಜೋಡಿಯಂತೆ ಸೂರ್ಯ ಒಂದು ಅಂಚಿನಲ್ಲಿ, ಚಂದ್ರ ಇನ್ನೊಂದು ಅಂಚಿನಲ್ಲಿ. ನಡುವೆ ಸುಮಾರು ಹತ್ತು ವರ್ಷ ಇಲ್ಲಿಯ ಮುಗಿಲು ನೋಡಿದ ಯಂತ್ರ ದೂರದ ಕಡಲ ಮೇಲೆ ಬೂದಿಯಾಗುತ್ತಿತ್ತು. ಆ ಬಳಿಕ ಕಾರ್ಟೊಸ್ಯಾಟ್-2 ಉಪಗ್ರಹದ ಕಕ್ಷೆಯನ್ನೂ ಹೀಗೆಯೇ ಮೊದಲೇ ತಗ್ಗಿಸಿಟ್ಟಿದ್ದರಿಂದ ಅದು 30 ವರ್ಷ ಅಲೆಯುವ ಬದಲು 2024ರ ಫೆಬ್ರವರಿ 14ರಂದು ಹಿಂದೂ ಮಹಾಸಾಗರದ ಮೇಲೆ ಕೊನೆಗೊಂಡಿತು.

ಶಿರಾಳಕೊಪ್ಪದಿಂದ ಸೊರಬಕ್ಕೆ ಬಂದರೆ ದಂಡಾವತಿ ನದಿ ಎದುರಾಗುತ್ತದೆ. ಈ ತಾಲ್ಲೂಕಿನಲ್ಲಿ ಕೆರೆಗಳು ನೂರಾರು. ಬೇಸಿಗೆಯಲ್ಲಿ ನೀರು ಇಳಿದಾಗ ಊರವರು ದಿನ ಗೊತ್ತುಮಾಡಿಕೊಂಡು, ಬಿದಿರಿನ ಕೂಣಿ ಹಿಡಿದು, ಒಟ್ಟಿಗೆ ಕೆರೆಗಿಳಿದು ಮೀನು ಹಿಡಿಯುತ್ತಾರೆ. ಇದೇ ಕೆರೆಬೇಟೆ. ಮಳೆ ಹಿಡಿದ ಮೇಲೆ ಗುಡವಿಯ ಕೆರೆಗೆ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲುಗಳು ಬಂದು ನೀರಿನ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮರಿಗಳು ರೆಕ್ಕೆ ಬಲಿತು ಹಾರುವವರೆಗೆ ಕೆರೆ ತುಂಬಿರಬೇಕು. ಇಲ್ಲದಿದ್ದರೆ ಆ ವರ್ಷದ ಸಂಸಾರವೇ ಹಾಳು.

ಆದರೆ ಎಲ್ಲ ಕೆರೆಗಳ ಭಾಗ್ಯವೂ ಗುಡವಿಯದಲ್ಲ. ಜೊಂಡು ಬೆಳೆದ ಕೆರೆಗಳಿವೆ, ಹೂಳು ತುಂಬಿ ತಟ್ಟೆಯಂತಾದವು ಇವೆ. ತೂಬಿನ ಕಲ್ಲು ಕಿತ್ತು ಬಂದಿದ್ದರೂ ಕೇಳುವವರಿಲ್ಲ. ಹಿಂದೆ ನೀರು ಬಿಡಲು ನೀರಗಂಟಿಯಿದ್ದ, ಏರಿಗೆ ಮಣ್ಣು ಹೊರಲು ಊರೇ ಸೇರುತ್ತಿತ್ತು. ಈಗ ಕೊಳವೆಬಾವಿ ಇರುವವನಿಗೆ ಕೆರೆ ಬೇಕಿಲ್ಲ, ಇಲ್ಲದವನಿಗೆ ಅದನ್ನು ಒಬ್ಬನೇ ಉಳಿಸಿಕೊಳ್ಳುವ ಶಕ್ತಿಯಿಲ್ಲ. ಕೆಟ್ಟ ಉಪಗ್ರಹವನ್ನು 800 ಕಿಲೋಮೀಟರ್ ಮೇಲಿನಿಂದ ಹೇಳಿದ ಕಡಲಿಗೆ ಇಳಿಸಬಲ್ಲ ನಾಡಿಗೆ ಕಣ್ಣೆದುರಿನ ತೂಬು ಸರಿಮಾಡುವುದು ಆಗದ ಕೆಲಸವೇನಲ್ಲ.

ಈ ಕಡೆ ಪ್ರವಾಸ ಹೊರಡುವವರು ಬೆಳಿಗ್ಗೆ ಬಳ್ಳಿಗಾವೆ, ತಾಳಗುಂದ ನೋಡಿಕೊಂಡು ಸಂಜೆಗೆ ಸೊರಬದ ಯಾವುದಾದರೂ ಕೆರೆಯ ಏರಿಯ ಮೇಲೆ ತುಸು ಹೊತ್ತು ಕೂರಬೇಕು. ಕತ್ತಲಾಗಿ ಅರ್ಧ ಮುಕ್ಕಾಲು ಗಂಟೆಯಲ್ಲಿ, ಮಿನುಗದೆ ನಿಧಾನವಾಗಿ ಚಲಿಸುವ ಚುಕ್ಕಿಯೊಂದು ಕಂಡೀತು. ನಮಗೆ ಮುಳುಗಿದ ಸೂರ್ಯ ಅಷ್ಟು ಎತ್ತರದಲ್ಲಿ ಇನ್ನೂ ಮುಳುಗಿರುವುದಿಲ್ಲ. ಆ ಬೆಳಕಿನಲ್ಲಿ ಹೊಳೆಯುವ ಯಾವುದೋ ಉಪಗ್ರಹವದು. ಒಂದು ದಿನ ಅದೂ ಇಳಿಯಲೇಬೇಕು. ಕೆರೆಯಲ್ಲಿ ನೀರಿದ್ದರೆ ಆ ಚುಕ್ಕಿ ಕೆಳಗೂ ಒಂದು ಕಾಣುತ್ತದೆ.